ಪ್ರತಿಕ್ರಿಯೆ: ಅಲಬಾಮಾಕ್ಕೆ ಅಷ್ಟೊಂದು ಅವಸರ ಏಕೆ?

ಅಲಬಾಮಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಕೋಚ್ ನಿಕ್ ಸೇಬನ್ ನಿವೃತ್ತಿಯಾದ ಎರಡೇ ದಿನದಲ್ಲಿ ಅಲಬಾಮಾ ಹೊಸ ಕೋಚ್‌ನನ್ನು ಹೇಗೆ ಹುಡುಕಿತು, ಒಂದು ತಿಂಗಳು ಕಾಯಬಹುದಿತ್ತಲ್ಲ ಎಂದು ಕೇಳಿದ್ದೀರಿ. ಕಾಯುವ ಹಾಗಿರಲಿಲ್ಲ. ಕೋಚ್ ಹೊರಟರೆ ಆಟಗಾರರು ಬೇರೆ ಕಾಲೇಜಿಗೆ ಹೋಗಲು 30 ದಿನಗಳ ಬಾಗಿಲು ತೆರೆಯುತ್ತಿತ್ತು. ಅದಕ್ಕೇ ಕ್ರೀಡಾ ನಿರ್ದೇಶಕ ಗ್ರೆಗ್ ಬರ್ನ್ ಹುಡುಗರಲ್ಲಿ 72 ಗಂಟೆ ಕಾಲಾವಕಾಶ ಕೇಳಿದ್ದು. 2024ರ ಜನವರಿ 10ರಂದು ನಿವೃತ್ತಿ, 12ರಂದು ಕೇಲನ್ ಡಿಬೋರ್ ನೇಮಕ!

ಇದು ಎರಡು ದಿನದ ಹುಡುಕಾಟವೆಂದು ನಾನು ನಂಬುವುದಿಲ್ಲ. ಇಂಥ ಮನೆಗಳಲ್ಲಿ ಜಾತಕಗಳನ್ನು ಮೊದಲೇ ತರಿಸಿಟ್ಟಿರುತ್ತಾರೆ. ಡಿಬೋರ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೋಚ್ ಆಗಿ ಎರಡು ವರ್ಷಕ್ಕೆ 25 ಪಂದ್ಯ ಗೆದ್ದು, ಸೋತದ್ದು ಮೂರೇ. ಮೂರನೆಯದು ಅದೇ ವಾರ, ಮಿಷಿಗನ್ ಎದುರಿನ ರಾಷ್ಟ್ರೀಯ ಫೈನಲ್.

ಆದರೂ ಆಟಗಾರರ ಸೋರಿಕೆ ನಿಲ್ಲಲಿಲ್ಲ. ಕಾಲೇಜಿನ ತನ್ನ ಮೊದಲ ವರ್ಷದಲ್ಲೇ ತಂಡದಲ್ಲಿ ಅತಿ ಹೆಚ್ಚು ಟ್ಯಾಕಲ್ (ಚೆಂಡು ಹಿಡಿದ ಎದುರಾಳಿಯನ್ನು ಕೆಡವುವುದು) ಮಾಡಿದ್ದ ಕೇಲಬ್ ಡೌನ್ಸ್ ಓಹಾಯೊ ಸ್ಟೇಟ್‌ಗೆ ಹೊರಟುಹೋದ. ಅತ್ತ ಕೋಚ್ ಕಳೆದುಕೊಂಡ ವಾಷಿಂಗ್ಟನ್ ಅರಿಜೋನಾದ ಜೆಡ್ ಫಿಷ್‌ರನ್ನು ಕರೆತಂದಿತು, ಅರಿಜೋನಾ ಸ್ಯಾನ್ ಹೋಸೆ ಸ್ಟೇಟ್‌ನ ಬ್ರೆಂಟ್ ಬ್ರೆನನ್‌ರನ್ನು. ಕೋಚ್‌ಗಳ ಈ ಅದಲುಬದಲೆಲ್ಲ ಒಂದೇ ವಾರದೊಳಗೆ. ಪಾಪ, ಸ್ಯಾನ್ ಹೋಸೆಯವರು ಸೇಬನ್ ನಿವೃತ್ತಿಯ ಸುದ್ದಿ ಕೇಳಿದಾಗ ಅದು ತಮ್ಮ ಮನೆ ಬಾಗಿಲಿಗೂ ಬಂದೀತು ಎಂದುಕೊಂಡಿದ್ದರೋ ಇಲ್ಲವೋ.