ಆಟಿಸಂ ಇರುವ ನನಗೆ ವೈದ್ಯರ ಮುಂದೆ ನೋವು ಹೇಳಿಕೊಳ್ಳಲು ಆಗುವುದಿಲ್ಲ. ಏನು ಮಾಡಲಿ?

ಎರಡು ವಾರದಿಂದ ಹೊಟ್ಟೆನೋವು, ಮನೆಯಲ್ಲಿ ಒದ್ದಾಡುತ್ತೇನೆ, ವೈದ್ಯರ ಕೋಣೆಗೆ ಹೋದರೆ ಮಾತು ನಿಂತುಬಿಡುತ್ತದೆ ಎಂದು ಬರೆದಿದ್ದೀರಿ. ಓದಿ ಹೊಟ್ಟೆ ಹಿಂಡಿದಂತಾಯಿತು. ನನಗೂ ಆಟಿಸಂ ಇದೆ. ಅದು ಗೊತ್ತಾದದ್ದು 34ನೆಯ ವಯಸ್ಸಿನಲ್ಲಿ.

ಅದಕ್ಕೂ ಮುಂಚೆ ಒಮ್ಮೆ ಮೆಟ್ಟಿಲಿನಿಂದ ಜಾರಿಬಿದ್ದು ಮಣಿಕಟ್ಟು ಊದಿಕೊಂಡಿತ್ತು. ವೈದ್ಯರು "ಬೆರಳು ಆಡಿಸಲು ಆಗುತ್ತದೆಯೇ?" ಎಂದು ಕೇಳಿದರು. "ಆಗುತ್ತದೆ" ಎಂದೆ, ಆಡಿಸಿಯೂ ತೋರಿಸಿದೆ. ಆಡಿಸಿದಾಗ ಕಣ್ಣಿಗೆ ಕತ್ತಲೆ ಕವಿಯುವಷ್ಟು ನೋವಾಯಿತು. ಆದರೆ ಅವರು ಕೇಳಿದ್ದು ಆಗುತ್ತದೆಯೇ ಎಂದಷ್ಟೇ, ನೋಯುತ್ತದೆಯೇ ಎಂದಲ್ಲ. ನನ್ನ ಮುಖದಲ್ಲಿ ಅವರಿಗೆ ಏನೂ ಕಾಣಲಿಲ್ಲ. ಉಳುಕಿರಬೇಕು ಎಂದು ಬ್ಯಾಂಡೇಜ್ ಸುತ್ತಿ ಕಳುಹಿಸಿದರು. ಒಂಬತ್ತು ದಿನ ಕಳೆದು ಎಕ್ಸ್-ರೇ ತೆಗೆದಾಗ ಮೂಳೆ ಮುರಿದಿತ್ತು. ಇನ್ನೊಂದೇ ಪ್ರಶ್ನೆ ಕೇಳಿದ್ದರೆ ಸಾಕಿತ್ತಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ನಮ್ಮಲ್ಲಿ ಅನೇಕರಿಗೆ ದೇಹದ ಒಳಗಿನ ಸೂಚನೆಗಳೇ ಸ್ಪಷ್ಟವಾಗಿ ತಿಳಿಯುವುದಿಲ್ಲ. 2022ರಲ್ಲಿ ಬಿಎಂಜೆ ಓಪನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ ಆಟಿಸಂ ಇರುವ ವಯಸ್ಕರಲ್ಲಿ ಶೇ. 80ರಷ್ಟು ಮಂದಿ ವೈದ್ಯರ ಬಳಿ ಹೋಗುವುದೇ ಕಷ್ಟ ಎಂದಿದ್ದರು. ಆಟಿಸಂ ಇಲ್ಲದವರಲ್ಲಿ ಹಾಗೆ ಹೇಳಿದವರು ಶೇ. 37. ಅತಿ ಹೆಚ್ಚು ಮಂದಿ, ಶೇ. 72, ಹೇಳಿಕೊಂಡ ತೊಡಕು ಯಾವುದು ಗೊತ್ತೇ? ಈ ತೊಂದರೆಗೆ ವೈದ್ಯರ ಬಳಿ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವುದು. ಅಧ್ಯಯನದ ಮುಂದಾಳು ಮೇರಿ ಡೊಹರ್ಟಿ ಸ್ವತಃ ಆಟಿಸಂ ಇರುವ ಅರಿವಳಿಕೆ ತಜ್ಞೆ. ಅದನ್ನು ತಿಳಿದಾಗ ನನಗೆ ಎಷ್ಟು ಧೈರ್ಯ ಬಂತೆಂದರೆ, ಆ ವಾರವೇ ಮುಂದೂಡುತ್ತಿದ್ದ ರಕ್ತಪರೀಕ್ಷೆಗೆ ಹೋದೆ.

ಈಗ ನಾನು ಚೀಟಿ ಬರೆದುಕೊಂಡು ಹೋಗುತ್ತೇನೆ. ಬಾಯಿ ತೆರೆಯುವ ಮೊದಲೇ ಅದನ್ನು ವೈದ್ಯರ ಕೈಗೆ ಕೊಡುತ್ತೇನೆ. ಮೊದಲ ಸಾಲು ಯಾವಾಗಲೂ ಒಂದೇ: "ನನಗೆ ಆಟಿಸಂ ಇದೆ. ನೋವು ನನ್ನ ಮುಖದಲ್ಲಿ ಕಾಣುವುದಿಲ್ಲ, ದಯವಿಟ್ಟು ಪರೀಕ್ಷಿಸಿ ನೋಡಿ. ಮುಟ್ಟುವ ಮುನ್ನ ಹೇಳಿ." ಅದರ ಕೆಳಗೆ, ನೋವಿನಿಂದ ಯಾವ ಕೆಲಸ ನಿಂತಿದೆ ಎಂದು ಬರೆಯುತ್ತೇನೆ: ರಾತ್ರಿ ಎರಡು ಸಲ ಎಚ್ಚರವಾಗುತ್ತದೆ, ಬಗ್ಗಿ ಚಪ್ಪಲಿ ಹಾಕಲು ಆಗುವುದಿಲ್ಲ, ಅರ್ಧ ಊಟಕ್ಕೇ ಏಳುತ್ತೇನೆ. ಒಂದರಿಂದ ಹತ್ತರೊಳಗೆ ನೋವು ಎಷ್ಟು ಎಂದು ಕೇಳಿದರೆ ನಾನು ಸದಾ ನಾಲ್ಕು ಎನ್ನುತ್ತಿದ್ದೆ, ಏಕೆಂದರೆ ಹತ್ತು ಎಂದರೆ ಜಗತ್ತಿನಲ್ಲೇ ಅತಿ ಘೋರ ನೋವು ಎಂದುಕೊಂಡಿದ್ದೆ. ನಿಂತುಹೋದ ಕೆಲಸಗಳನ್ನು ಹೇಳಿದರೆ ಆ ಗೊಂದಲವಿಲ್ಲ.

ಕಾಯುವ ಕೋಣೆಯ ದೀಪ, ಗದ್ದಲ, ಔಷಧದ ವಾಸನೆ ನಿಮ್ಮ ಮಾತನ್ನು ಅರ್ಧ ಕಸಿದುಕೊಂಡಿರುತ್ತವೆ. ದಿನದ ಮೊದಲ ಸರದಿಯನ್ನೇ ಕೇಳಿ, ಇಲ್ಲವೇ ಹೊರಗೆ ಕುಳಿತಿರುತ್ತೇನೆ, ಕರೆಯಿರಿ ಎನ್ನಿ. ಜೊತೆಗೆ ಯಾರನ್ನಾದರೂ ಕರೆದೊಯ್ಯುವುದಾದರೆ, ಪ್ರಶ್ನೆ ನಿಮ್ಮನ್ನೇ ಕೇಳಬೇಕು ಎಂದೂ ಚೀಟಿಯಲ್ಲಿರಲಿ. ವಯಸ್ಕರಾದ ನಮ್ಮನ್ನು ಬಿಟ್ಟು ಪಕ್ಕದವರನ್ನು ಮಾತನಾಡಿಸುವುದು ನನಗಂತೂ ತುಂಬಾ ನೋವು ಕೊಟ್ಟಿದೆ.

ಎರಡು ವಾರದ ಹೊಟ್ಟೆನೋವನ್ನು ಇನ್ನೂ ತಡೆದುಕೊಳ್ಳಬೇಡಿ. ಚೀಟಿಯನ್ನು ಇಂದು ರಾತ್ರಿಯೇ ಬರೆಯಿರಿ, ನಾಳೆ ಬೆಳಿಗ್ಗೆ ಹೋಗಿ. ನೋವು ಒಮ್ಮೆಲೇ ಹೆಚ್ಚಾದರೆ, ಜ್ವರ ಬಂದರೆ ಅಥವಾ ವಾಂತಿ ನಿಲ್ಲದಿದ್ದರೆ ಚೀಟಿಗೂ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೊರಡಿ.