ಆಪರೇಷನ್ ದಿನವೇ "ಇವತ್ತು ಆಗಲ್ಲ" ಅನ್ನುವುದೇಕೆ?

ತಂದೆಯವರ ಹರ್ನಿಯಾ ಆಪರೇಷನ್ ಎರಡು ಸಲ ಮುಂದಕ್ಕೆ ಹೋಯಿತು, ಒಮ್ಮೆ ಶುಗರ್ ಜಾಸ್ತಿ ಅಂದರು, ಇನ್ನೊಮ್ಮೆ ಓಟಿ (ಆಪರೇಷನ್ ಥಿಯೇಟರ್) ಟೈಮ್ ಮುಗಿಯಿತು ಅಂದರು ಎಂದು ಬರೆದಿದ್ದೀರಿ. ಎರಡಕ್ಕೂ ಮೂಲ ಕಾರಣ ಬೇರೆ. ಮೊದಲನೆಯದನ್ನು ವಾರ ಮುಂಚೆಯೇ ಹಿಡಿಯಬಹುದಿತ್ತು.

ಅರಿವಳಿಕೆ ತಜ್ಞರ ತಪಾಸಣೆ, ಅಂದರೆ ಪಿಎಸಿ, ಎಷ್ಟೋ ಕಡೆ ನಡೆಯುವುದು ಅಡ್ಮಿಟ್ ಆದ ಸಂಜೆ. ಆಗ ಬಿಪಿ 180/110 ದಾಟಿದೆ, ಹಿಮೋಗ್ಲೋಬಿನ್ ಕಡಿಮೆಯಿದೆ ಎಂದು ಗೊತ್ತಾದರೆ ಒಂದು ರಾತ್ರಿಯಲ್ಲಿ ಸರಿಮಾಡಲು ಬರುವುದಿಲ್ಲ. ನನ್ನ ಮಟ್ಟಿಗೆ, ತಪ್ಪಿಸಬಹುದಾದ ರದ್ದತಿಗಳಿಗೆ ದೊಡ್ಡ ಕಾರಣ ಇದೇ.

ಮಾತ್ರೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಶುಗರ್‌ಗೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಸಾಮಾನ್ಯವಾಗಿ 3 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ಉಪವಾಸದಲ್ಲಿ ರಕ್ತದಲ್ಲಿ ಕೀಟೋನ್ ಆಮ್ಲ ಏರಬಹುದು. ಶುಗರ್ ರೀಡಿಂಗ್ ಹೆಚ್ಚೇನೂ ಇರುವುದಿಲ್ಲ, ಹಾಗಾಗಿ ಯಾರಿಗೂ ಅನುಮಾನವೇ ಬರದು. ಎಷ್ಟೋ ಸಲ ಇವು ಮೆಟ್‌ಫಾರ್ಮಿನ್ ಜೊತೆ ಒಂದೇ ಮಾತ್ರೆಯಲ್ಲಿ ಸೇರಿರುತ್ತವೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ರಕ್ತ ತೆಳುವಾಗಿಸುವ ಕ್ಲೊಪಿಡೊಗ್ರೆಲ್ ನಿಲ್ಲಿಸುವುದಾದರೆ 5ರಿಂದ 7 ದಿನ ಮುಂಚೆ. ಆದರೆ ಸ್ಟೆಂಟ್ ಹಾಕಿಸಿಕೊಂಡವರು ಹೃದಯದ ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬಾರದು. ಹೆಸರು ನೆನಪಿಟ್ಟು ಹೇಳುವುದಕ್ಕಿಂತ ಮಾತ್ರೆಗಳ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಒಯ್ಯಿರಿ.

ಇನ್ನು ಬೆಳಗಿನ ಕಾಫಿ. ಅರಿವಳಿಕೆಗೆ ಮುಂಚೆ ನೀರಿಗೆ 2 ಗಂಟೆ, ಆಹಾರಕ್ಕೆ 6 ಗಂಟೆ ಅಂತರ ಬೇಕು, ಹಾಲು ಆಹಾರದ ಲೆಕ್ಕಕ್ಕೇ ಸೇರುತ್ತದೆ. ಮಂಪರಿನಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಅರ್ಧ ಲೋಟ ಕುಡಿದಿದ್ದರೂ ಮುಚ್ಚಿಡಬೇಡಿ.

ಓಟಿ ಟೈಮಿನ ಕಥೆ ಬೇರೆ. ಬೆಳಗಿನ ಮೊದಲ ಕೇಸ್ ಒಂದು ಗಂಟೆ ತಡವಾದರೆ ಏಟು ಬೀಳುವುದು ಪಟ್ಟಿಯ ಕೊನೆಯವರಿಗೆ. ನಡುವೆ ತುರ್ತು ಸಿಸೇರಿಯನ್ ಬಂದರೆ ಹರ್ನಿಯಾದಂಥ ಕೇಸ್ ಕಾಯಲೇಬೇಕು, ಅದು ನ್ಯಾಯವೂ ಹೌದು. ಲ್ಯಾಪರೊಸ್ಕೋಪಿ (ಸಣ್ಣ ರಂಧ್ರದ ಮೂಲಕ ಮಾಡುವ ಆಪರೇಷನ್) ಉಪಕರಣಗಳ ಸೆಟ್ ಒಂದೇ ಇದ್ದರೆ ಇನ್ನೊಂದು ತೊಡಕು: ಉಪಕರಣಗಳ ಕ್ರಿಮಿಗಳನ್ನು ಬಿಸಿ ಆವಿಯಲ್ಲಿ ಕೊಲ್ಲುವ ಆಟೊಕ್ಲೇವ್‌ನಲ್ಲಿ 134 ಡಿಗ್ರಿಯಲ್ಲಿ ಇಡಬೇಕಾದದ್ದು ಕೆಲವೇ ನಿಮಿಷವಾದರೂ ತೊಳೆದು, ಪ್ಯಾಕ್ ಮಾಡಿ, ಒಣಗಿಸಿ, ತಣ್ಣಗಾಗಿಸುವಷ್ಟರಲ್ಲಿ ಗಂಟೆಗಳೇ ಹಿಡಿಯುತ್ತವೆ. ಐಸಿಯು ಹಾಸಿಗೆ ಖಾಲಿಯಿಲ್ಲದೆ, ಆಯುಷ್ಮಾನ್ ಅಥವಾ ವಿಮೆಯ ಪೂರ್ವಾನುಮತಿ ಬಾರದೆ ನಿಲ್ಲುವುದೂ ಉಂಟು.

ಈಗ ನೀವು ಮಾಡಬೇಕಾದದ್ದು: ದಿನಾಂಕ ಗೊತ್ತುಮಾಡುವಾಗಲೇ ವಾರ ಮುಂಚಿನ ಪಿಎಸಿ ಕೇಳಿ. ಶುಗರ್ ಇರುವವರನ್ನು ಪಟ್ಟಿಯಲ್ಲಿ ಮೊದಲಿಗೆ ಹಾಕುವುದು ರೂಢಿ, ತಂದೆಯವರ ನಂಬರ್ ಎಷ್ಟನೆಯದು ಎಂದು ವಿಚಾರಿಸಿ, ಹಿಂದೆ ಇದ್ದರೆ ಮುಂದೆ ಹಾಕಲು ಕೇಳಿಕೊಳ್ಳಿ. ಎರಡು ಸಲ ಮುಂದೂಡಿದ್ದನ್ನೂ ಸರ್ಜನ್ ಗಮನಕ್ಕೆ ತನ್ನಿ. ಅಷ್ಟರೊಳಗೆ ಹರ್ನಿಯಾದ ಗಂಟು ಗಟ್ಟಿಯಾಗಿ, ನೋವು ಹೆಚ್ಚಿ, ಒಳಗೆ ಹೋಗದೆ, ವಾಂತಿ ಶುರುವಾದರೆ ದಿನಾಂಕಕ್ಕೆ ಕಾಯಬೇಡಿ. ಕರುಳು ಸಿಕ್ಕಿಹಾಕಿಕೊಂಡಿರಬಹುದು, ಆ ಕ್ಷಣವೇ ಎಮರ್ಜೆನ್ಸಿಗೆ ಕರೆದೊಯ್ಯಿರಿ.