ಮಲ ಪರೀಕ್ಷೆ ನಾರ್ಮಲ್ ಬಂದರೂ ಹುಳ ಇರಬಹುದು

ಐದು ವರ್ಷದ ಮಗಳು ರಾತ್ರಿ ಹಿಂಭಾಗ ಕೆರೆದುಕೊಂಡು ಅಳುತ್ತಾಳೆ, ಮಲ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಹಾಗಾದರೆ ಏನಿದು ಅಂತ ಕೇಳಿದ್ದೀರಿ. ನನಗಂತೂ ಪಿನ್‌ವರ್ಮ್ (ಕರುಳಿನಲ್ಲಿರುವ ಸಣ್ಣ ಬಿಳಿ ಹುಳ) ಅನುಮಾನವೇ ಜಾಸ್ತಿ. ಹೆಣ್ಣು ಹುಳ ರಾತ್ರಿ ಹೊರಗೆ ಬಂದು ಗುದದ ಸುತ್ತಲಿನ ಚರ್ಮದ ಮೇಲೆ ಮೊಟ್ಟೆ ಇಡುತ್ತದೆ. ಮಲದಲ್ಲಿ ಮೊಟ್ಟೆ ಸಿಗುವುದೇ ಅಪರೂಪ, ಆ ರಿಪೋರ್ಟ್ ನಂಬಿ ಕೂರಬೇಡಿ.

ಬೆಳಿಗ್ಗೆ ಎದ್ದ ಕೂಡಲೇ, ತೊಳೆಯುವ ಮೊದಲು, ಸೆಲ್ಲೋಟೇಪನ್ನು ಗುದದ ಸುತ್ತಲಿನ ಚರ್ಮಕ್ಕೆ ಒತ್ತಿ ತೆಗೆದು ಗಾಜಿನ ಸ್ಲೈಡಿಗೆ ಅಂಟಿಸಿ ಲ್ಯಾಬಿಗೆ ಕೊಡಿ. ಸತತ 3 ದಿನ ಮಾಡಿದರೆ ತಪ್ಪಿಹೋಗುವುದು ಕಡಿಮೆ. ಮಗು ಮಲಗಿದ 2-3 ಗಂಟೆ ನಂತರ ಟಾರ್ಚ್ ಹಾಕಿ ನೋಡಿದರೆ ಬಿಳಿ ದಾರದ ಚೂರಿನಂಥ ಹುಳವೇ ಕಾಣಬಹುದು.

ಡಾಕ್ಟರು ಸಾಮಾನ್ಯವಾಗಿ ಆಲ್ಬೆಂಡಜೋಲ್ 400 ಮಿ.ಗ್ರಾಂ. ಒಂದು ಡೋಸ್, 2 ವಾರ ಬಿಟ್ಟು ಇನ್ನೊಂದು ಬರೆಯುತ್ತಾರೆ. ಆ ಎರಡನೆಯದನ್ನೇ ಎಲ್ಲರೂ ಮರೆಯುವುದು! ಔಷಧಿ ಹುಳವನ್ನು ಕೊಲ್ಲುತ್ತದೆ, ಮೊಟ್ಟೆ ಉಳಿದುಬಿಡುತ್ತದೆ; ಅದರಿಂದ ಹುಟ್ಟುವ ಹುಳಕ್ಕೇ ಎರಡನೇ ಡೋಸ್. ಮನೆಯವರೆಲ್ಲ ಒಟ್ಟಿಗೆ ತೆಗೆದುಕೊಳ್ಳಬೇಕಾಗುತ್ತದೆ. ಗರ್ಭಿಣಿಯರು, 2 ವರ್ಷದೊಳಗಿನ ಮಕ್ಕಳು ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಉಗುರು ಕತ್ತರಿಸಿ, ಬೆಳಿಗ್ಗೆಯೇ ಸ್ನಾನ ಮಾಡಿಸಿ, ಹಾಸಿಗೆ ಬಟ್ಟೆ ಕೊಡವದೆ ಬಿಸಿನೀರಲ್ಲಿ ಒಗೆಯಿರಿ. ಸಿಹಿ ತಿಂದಿದ್ದಕ್ಕೆ ಹೀಗಾಯ್ತು ಅಂತ ಮಗಳನ್ನು ಸುಮ್ನೆ ಬೈಯಬೇಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.